ಸರ್ವರ್ ಇಲ್ಲ ಅಂದರೆ ಏನು ಇಲ್ಲ?

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಆನ್‌ಲೈನ್ ಸೇವಾ ಕೇಂದ್ರ ನಡೆಸುವವರು ಮತ್ತು ಡಿಟಿಪಿ ಕೆಲಸದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮ ಜಿಲ್ಲೆಯ ಜನ ಕಂಪ್ಯೂಟರ್ ಬಗ್ಗೆ ಅತಿ ಜಾಸ್ತಿ ಕೇಳಿರುವ ಮಾತು ಯಾವುದು ಹೇಳಿ? ‘ಸರ್ವರ್ ಇಲ್ಲ.’ ಪಹಣಿ ತೆಗೆಸಲು ಹೋದರೂ ಅದೇ, ರೇಷನ್ ತರಲು ಹೋದರೂ ಅದೇ, ಮಗಳ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಹೋದರೂ ಅದೇ. ಜಗಳೂರಿನ ಆಚೆಯ ಹಳ್ಳಿಯಿಂದ ಬಸ್ ಹತ್ತಿ ಬಂದ ರೈತ ಈ ಎರಡು ಪದ ಕೇಳಿ ತಲೆ ಆಡಿಸಿ ವಾಪಸ್ ಹೋಗುತ್ತಾನೆ. ಮಳೆ ಬರಲಿಲ್ಲ ಅಂದಾಗ ಹೇಗೆ ಸುಮ್ಮನಾಗುತ್ತಾನೋ ಹಾಗೆಯೇ ಇದಕ್ಕೂ ಸುಮ್ಮನಾಗುತ್ತಾನೆ.

ಆದರೆ ಕೌಂಟರಿನ ಒಳಗೆ ನಿಂತು ಒಂದು ಬೆಳಿಗ್ಗೆ ನೋಡಿ. ಆ ಒಂದು ಮಾತಿನ ಹಿಂದೆ ಎಷ್ಟು ಬೇರೆ ಬೇರೆ ತೊಂದರೆ ಅಡಗಿವೆ ಅಂತ ಗೊತ್ತಾಗುತ್ತದೆ. ಕೆಲವು ಸಲ ನಿಜವಾಗಿಯೂ ಸರ್ವರ್, ಅಂದರೆ ದೂರದಲ್ಲಿ ಕೂತು ನಮಗೆ ದಾಖಲೆ ಕೊಡುವ ಕಂಪ್ಯೂಟರ್, ನಿಂತಿರುತ್ತದೆ. ಕೆಲವು ಸಲ ಅಂಗಡಿಯ ನೆಟ್ ನಿಧಾನ. ಇನ್ನು ಕೆಲವು ಸಲ ಓಟಿಪಿ ಹೋಗಿದ್ದು ಮಗನ ನಂಬರಿಗೆ, ಮಗ ಬೆಂಗಳೂರಿನಲ್ಲಿ ಡ್ಯೂಟಿಯಲ್ಲಿ. ಅವನು ಫೋನ್ ಎತ್ತಿ ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಒಂದು ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಹೊಲದ ಕೆಲಸದಲ್ಲಿ ಬೆರಳಿನ ಗೆರೆ ಸವೆದು ಬೆರಳಚ್ಚು ಹತ್ತುವುದಿಲ್ಲ. ಬ್ರೌಸರ್ ಪಾಪ್‌ಅಪ್ ಕಿಟಕಿಯನ್ನು ತಡೆದಿರುತ್ತದೆ, ಅದು ಯಾರಿಗೂ ಕಂಡಿರುವುದಿಲ್ಲ. ಇಷ್ಟಕ್ಕೂ ಪರದೆ ಮೇಲೆ ಬರುವುದು ಒಂದೇ ಸಾಲು: ಸಮ್‌ಥಿಂಗ್ ವೆಂಟ್ ರಾಂಗ್. ಏನೋ ಎಡವಟ್ಟಾಗಿದೆ ಅಂತ. ಅದು ನಮಗೂ ಗೊತ್ತು ಮಾರಾಯರೇ, ಏನು ಅಂತ ಹೇಳಿ! ಆಪರೇಟರ್ ತಾನೇ ಏನು ಮಾಡಿಯಾನು? ‘ಸರ್ವರ್ ಇಲ್ಲ, ನಾಳೆ ಬರ್ರಿ’ ಅನ್ನುತ್ತಾನೆ.

ಆ ಪ್ರೋಗ್ರಾಂ ಬರೆದವರು ಎಲ್ಲೋ ಒಂದು ಆಫೀಸಿನಲ್ಲಿ ಕೂತಿರುತ್ತಾರೆ. ಅವರ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿರುತ್ತದೆ. ದೂರು ಬಂದಿಲ್ಲ, ಅಂದರೆ ತೊಂದರೆ ಇಲ್ಲ ಅಂದುಕೊಳ್ಳುತ್ತಾರೆ. ಇವತ್ತಿನ ನನ್ನ ಮಾತು ಈ ದಾರಿಯ ಬಗ್ಗೆ. ಕೌಂಟರಿನಿಂದ ಆ ಆಫೀಸಿನ ಮೇಜಿನವರೆಗೆ ತೊಂದರೆಯ ಸುದ್ದಿ ಯಾಕೆ ಹೋಗುವುದಿಲ್ಲ, ಹೋಗುವ ಹಾಗೆ ಮಾಡಲು ನಿಮ್ಮಂಥ ಮುಂದೆ ಕೋಡ್ ಬರೆಯುವವರು ಏನು ಮಾಡಬಹುದು.

ದೂರು ಹೇಳುವ ವ್ಯವಸ್ಥೆ ಇಲ್ಲವೇ ಅಂದರೆ, ಇದೆ. ಚೆನ್ನಾಗಿಯೇ ಇದೆ. ಆದರೆ ಅದನ್ನು ಕಟ್ಟಿದ್ದು ಪ್ರೋಗ್ರಾಮರುಗಳು, ತಮ್ಮಂಥವರಿಗಾಗಿ. 1998ರಲ್ಲಿ ಮೊಜಿಲ್ಲಾ ಅನ್ನುವ ಬ್ರೌಸರ್ ಯೋಜನೆಗಾಗಿ ಬಗ್‌ಜಿಲ್ಲಾ ಅನ್ನುವ, ಬಗ್ ಅಂದರೆ ಸಾಫ್ಟ್‌ವೇರಿನ ದೋಷಗಳ ದೂರು ಬರೆದಿಡುವ ಸಾಧನ ಬಂತು. ಆಮೇಲೆ ಬಂದ ಎಷ್ಟೋ ಸಾಧನಗಳು ಅದೇ ಜಾಡಿನಲ್ಲಿ ನಡೆದವು. ಮೊದಲು ಖಾತೆ ತೆರೆಯಿರಿ. ಯಾವ ಉತ್ಪನ್ನ, ಅದರ ಯಾವ ಭಾಗ, ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಂ, ಎಷ್ಟು ಗಂಭೀರ, ಇದನ್ನೇ ಬೇರೆ ಯಾರಾದರೂ ಮೊದಲೇ ಹೇಳಿದ್ದಾರಾ ಹುಡುಕಿ ನೋಡಿ. ಎಲ್ಲವೂ ಇಂಗ್ಲಿಷಿನಲ್ಲಿ. ಕೋಡ್ ಬರೆಯುವವನಿಗೆ ಇದು ಸಲೀಸು. ಉಳಿದವರಿಗೆ ಇದೇ ಒಂದು ಪರೀಕ್ಷೆ.

ದಾವಣಗೆರೆಯಲ್ಲಿ ನಿಂತು ಬೆಣ್ಣೆ ದೋಸೆ ಹೆಸರು ಎತ್ತದಿದ್ದರೆ ನೀವು ಬಿಡುವುದಿಲ್ಲ. ಹೋಟೆಲಿನಲ್ಲಿ ಕೂತವರು ‘ದೋಸೆ ಗರಿ ಬಂದಿಲ್ಲ’ ಅನ್ನುತ್ತಾರೆ. ಹಿಟ್ಟು ಎಷ್ಟು ಗಂಟೆ ಹುಳಿ ಬಂದಿತ್ತು, ಹೆಂಚು ಎಷ್ಟು ಕಾದಿತ್ತು, ಬರೆದು ಸಹಿ ಹಾಕಿ ಕೊಡಿ ಅಂತ ಯಾವ ಮಾಲೀಕರೂ ಕೇಳುವುದಿಲ್ಲ. ಅದು ಒಳಗಿನವರಿಗೆ ಗೊತ್ತಿರಬೇಕಾದ ವಿಷಯ. ಸಾಫ್ಟ್‌ವೇರಿನವರು ಮಾತ್ರ ಕೇಳುತ್ತಾರೆ.

2008ರಲ್ಲಿ ಕೆಲವು ಸಂಶೋಧಕರು ಅಪಾಚೆ, ಎಕ್ಲಿಪ್ಸ್, ಮೊಜಿಲ್ಲಾ ಈ ಮೂರು ಸಾಫ್ಟ್‌ವೇರ್ ಯೋಜನೆಗಳ ಡೆವಲಪರುಗಳನ್ನೂ, ಅಂದರೆ ಕೋಡ್ ಬರೆಯುವವರನ್ನೂ, ದೂರು ಕೊಟ್ಟವರನ್ನೂ ಕೇಳಿ ನೋಡಿದರು. ನಿಮಗೆ ದೂರಿನಲ್ಲಿ ಯಾವ ಮಾಹಿತಿ ಉಪಯೋಗ ಅಂತ ಒಬ್ಬರಿಗೆ, ಯಾವುದು ಕೊಡುವುದು ಕಷ್ಟ ಅಂತ ಇನ್ನೊಬ್ಬರಿಗೆ. ಡೆವಲಪರುಗಳು ಮುಖ್ಯವಾಗಿ ಬೇಕು ಅಂದದ್ದು ತೊಂದರೆ ಮತ್ತೆ ಬರಿಸುವ ಹಂತಗಳು, ಪ್ರೋಗ್ರಾಂ ಬಿದ್ದ, ಅಂದರೆ ತಟ್ಟನೆ ನಿಂತ, ಜಾಗದ ಜಾಡು (ಸ್ಟ್ಯಾಕ್ ಟ್ರೇಸ್), ತೊಂದರೆಯನ್ನು ತೋರಿಸುವ ಚಿಕ್ಕ ಪರೀಕ್ಷೆ. ದೂರು ಕೊಡುವವರಿಗೆ ಕಷ್ಟವಾಗುವುದೂ ಇವೇ. ಅದೂ ಇವರೆಲ್ಲ ತಕ್ಕಮಟ್ಟಿಗೆ ಪಳಗಿದವರು. ಇನ್ನು ನಮ್ಮ ನಿಟ್ಟುವಳ್ಳಿಯ ಟೇಲರಮ್ಮನಿಗೆ ‘ಸ್ಟ್ಯಾಕ್ ಟ್ರೇಸ್ ಕಳಿಸಿ’ ಅಂದರೆ?

ಆದ್ದರಿಂದ ನಾನು ಹೇಳುವುದು ಇಷ್ಟೇ. ಯಂತ್ರಕ್ಕೆ ಗೊತ್ತಿರುವುದನ್ನು ಮನುಷ್ಯರಿಂದ ಕೇಳಬೇಡಿ. ಮನುಷ್ಯರಿಗೆ ಮಾತ್ರ ಗೊತ್ತಿರುವುದನ್ನು ಕೇಳದೆ ಬಿಡಬೇಡಿ.

ಎರಡನೆಯದನ್ನು ಮೊದಲು ನೋಡೋಣ. ಬಳಸುವವರಿಗೆ ಮಾತ್ರ ಗೊತ್ತಿರುವುದು ಅಂದರೆ ಏನು? ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಇದೆ. ಉಬುಂಟು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಬಳಸುತ್ತಿದ್ದ ಒಬ್ಬರು 2009ರಲ್ಲಿ ಒಂದು ದೂರು ಬರೆದರು. ಓಪನ್‌ಆಫೀಸ್ ಅನ್ನುವ ಬರವಣಿಗೆ ಸಾಫ್ಟ್‌ವೇರಿನಿಂದ ಮಂಗಳವಾರ ಮಾತ್ರ ಪ್ರಿಂಟ್ ಬರುವುದಿಲ್ಲ ಅಂತ ಅವರ ಹೆಂಡತಿ ಹೇಳುತ್ತಿದ್ದರು. ಯಾರಿಗಾದರೂ ನಗು ಬರುವ ಮಾತು, ಅಲ್ವಾ? ಮಂಗಳವಾರ ಕ್ಷೌರ ಮಾಡಿಸಬಾರದು ಅನ್ನುವುದನ್ನು ಕೇಳಿದ್ದೇವೆ, ಪ್ರಿಂಟ್ ತೆಗೆಯಬಾರದು ಅಂತ ಯಾರೂ ಹೇಳಿಲ್ಲ. ಆಕೆ ಒಂದು ಮಂಗಳವಾರ ಮಾಡಿಯೇ ತೋರಿಸಿದರು. ನಿಜವಾಗಿಯೂ ಬರಲಿಲ್ಲ.

ಕಾರಣ ಹೀಗಿತ್ತು. ಪ್ರಿಂಟಿಗೆ ಹೋಗುವ ಫೈಲಿನ ಮೇಲ್ಭಾಗದಲ್ಲಿ ಅದನ್ನು ತಯಾರಿಸಿದ ದಿನಾಂಕ ಇರುತ್ತದೆ, ವಾರದ ಹೆಸರೂ ಮೂರು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಇದು ಯಾವ ಬಗೆಯ ಫೈಲ್ ಅಂತ ಗುರುತಿಸಲು ಲಿನಕ್ಸಿನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಇದೆ. ಅದು ಫೈಲಿನ ಶುರುವಿನ ಕೆಲವು ಅಕ್ಷರ ನೋಡಿ ಊಹೆ ಮಾಡುತ್ತದೆ. ಅದರ ಪಟ್ಟಿಯಲ್ಲಿ ಎರ್ಲಾಂಗ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಒಂದು ಬಗೆಯ ಫೈಲಿಗೆ ಕೊಟ್ಟಿದ್ದ ಗುರುತೂ, ಮಂಗಳವಾರದ ಆ ಮೂರು ಅಕ್ಷರವೂ ಒಂದೇ ಆಗಿಬಿಟ್ಟಿದ್ದವು. ಸೋಮವಾರ ಸರಿ, ಬುಧವಾರ ಸರಿ, ಮಂಗಳವಾರ ಮಾತ್ರ ಇದು ಪ್ರಿಂಟ್ ಮಾಡುವ ಫೈಲೇ ಅಲ್ಲ ಅಂತ ತೀರ್ಮಾನ.

ಈಗ ಯೋಚಿಸಿ. ಕಂಪ್ಯೂಟರ್ ತಾನು ಮಾಡಿದ್ದನ್ನು ಬರೆದಿಡುವ ಯಾವ ಲಾಗ್ ಫೈಲ್ ಇದನ್ನು ಹೇಳುತ್ತಿತ್ತು? ಓದುತ್ತಾ ಹೋಗಿದ್ದರೆ ಪ್ರಿಂಟರಿನ ಡ್ರೈವರ್, ಕೇಬಲ್, ಇಂಕ್ ಅಂತ ವಾರಗಟ್ಟಲೆ ಅಲೆಯಬೇಕಿತ್ತು. ಮನೆಯಲ್ಲಿ ಪ್ರಿಂಟ್ ತೆಗೆಯುತ್ತಿದ್ದ ಒಬ್ಬ ಹೆಂಗಸು, ಪ್ರೋಗ್ರಾಮಿಂಗ್ ಮಾತೇ ಎತ್ತದೆ, ಒಂದು ವಾರದ ಹೆಸರು ಹೇಳಿದರು. ಸಾಮಾನ್ಯ ಜನರ ದೂರಿನಲ್ಲಿ ಇರುವ ಚಿನ್ನ ಇದೇ: ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ, ನಾನು ಏನು ಮಾಡಲು ಹೊರಟಿದ್ದೆ. ಇದನ್ನು ಹೇಳಲು ಆವೃತ್ತಿಯ ಸಂಖ್ಯೆ ಗೊತ್ತಿರಬೇಕಿಲ್ಲ.

ಇನ್ನು ಯಂತ್ರಕ್ಕೆ ಗೊತ್ತಿರುವುದು. ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ಎಷ್ಟು ಜಾಗ ಖಾಲಿ ಇದೆ, ನೆಟ್ ಯಾವುದು, ಹಿಂದಿನ ಪರದೆ ಯಾವುದು, ಸಮಯ ಎಷ್ಟು. ಇದನ್ನೆಲ್ಲ ಆ್ಯಪ್ ತಾನೇ ಬರೆದುಕೊಳ್ಳಬಹುದು. ಆಂಡ್ರಾಯ್ಡಿನಲ್ಲಿ ಪೂರ್ತಿ ಬಗ್ ರಿಪೋರ್ಟ್ ತೆಗೆಯುವ ಸೌಲಭ್ಯ ಇದೆ. ಅದು ಎಲ್ಲಿದೆ ಗೊತ್ತಾ? ಸೆಟ್ಟಿಂಗ್ಸಿನ ಒಳಗೆ ಹೋಗಿ, ಬಿಲ್ಡ್ ನಂಬರ್ ಅನ್ನುವ ಸಾಲನ್ನು ಹುಡುಕಿ, ಅದನ್ನು 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳ ಬಾಗಿಲು ತೆರೆಯುತ್ತದೆ. ಅದರೊಳಗೆ ಇದೆ. ಕಂಪನಿಯವರಿಗೆ ಇದಕ್ಕೆ ಕಾರಣ ಇರಬಹುದು, ಗೊತ್ತಿಲ್ಲದವರು ಕೈ ಹಾಕಿ ಕೆಡಿಸಬಾರದು ಅಂತ. ಆದರೆ ನಿಮ್ಮ ಆ್ಯಪಿನಲ್ಲಿ ಹಾಗೆ ಬಚ್ಚಿಡುವ ಅಗತ್ಯ ಇಲ್ಲ. ಫೋನ್ ಅಲ್ಲಾಡಿಸಿದರೆ ‘ಏನಾದರೂ ತೊಂದರೆಯಾ?’ ಅಂತ ಕೇಳುವ ಸೌಲಭ್ಯವನ್ನು ಗೂಗಲ್ ಮ್ಯಾಪ್ಸ್, ಫೇಸ್‌ಬುಕ್ ಆ್ಯಪ್‌ಗಳಲ್ಲಿ ತಂದಿದ್ದಾರೆ. ಸಿಟ್ಟು ಬಂದಾಗ ಜನ ಹೇಗಿದ್ದರೂ ಫೋನ್ ಕುಲುಕುತ್ತಾರೆ, ಅದನ್ನೇ ಬಳಸಿಕೊಂಡಿದ್ದಾರೆ. ನಮ್ಮ ಹದಡಿ ರಸ್ತೆಯಲ್ಲಿ ಆಟೋದಲ್ಲಿ ಕೂತರೆ ಸುಮ್ನೆ ಇದ್ದರೂ ಫೋನ್ ಅಲ್ಲಾಡುತ್ತದೆ ಅನ್ನುವುದು ಬೇರೆ ಮಾತು. ನನ್ನ ಆಯ್ಕೆ ಪರದೆಯ ಮೂಲೆಯಲ್ಲಿ ಯಾವಾಗಲೂ ಕಾಣುವ ಒಂದು ಗುಂಡಿ. ಒತ್ತಿದರೆ ಪರದೆಯ ಚಿತ್ರ ತಾನೇ ಬರಬೇಕು, ಮೈಕ್ ತೆರೆಯಬೇಕು. ‘ಏನು ಮಾಡ್ತಿದ್ರಿ? ಏನಾಯ್ತು?’ ಇಷ್ಟೇ ಪ್ರಶ್ನೆ. ಜನ ಕನ್ನಡದಲ್ಲಿ ಮಾತಾಡಲಿ. ಗೂಗಲ್ ಧ್ವನಿ ಟೈಪಿಂಗಿಗೆ ಕನ್ನಡ ಬಂದಿದ್ದು 2017ರಲ್ಲಿ. ಮಾತನ್ನು ಅಕ್ಷರಕ್ಕೆ ಇಳಿಸುವುದು ಈಗ ದೊಡ್ಡ ಸಾಹಸವೇನಲ್ಲ. ಇಳಿಸಲು ಆಗದಿದ್ದರೆ ಆ ಧ್ವನಿಯನ್ನೇ ಕಳಿಸಿ, ಕೇಳಿಸಿಕೊಳ್ಳಿ.

ಒಂದು ಎಚ್ಚರ. ಪರದೆಯ ಚಿತ್ರದಲ್ಲಿ ಆಧಾರ್ ನಂಬರ್ ಇರುತ್ತದೆ, ಬ್ಯಾಂಕಿನ ಬ್ಯಾಲೆನ್ಸ್ ಇರುತ್ತದೆ, ಪಕ್ಕದಲ್ಲಿ ಯಾರದೋ ಮೆಸೇಜ್ ಇರುತ್ತದೆ. ಕಳಿಸುವ ಮೊದಲು ತೋರಿಸಿ, ಬೆರಳಿನಿಂದ ಒರೆಸಿ ಮುಚ್ಚಲು ಬಿಡಿ. ಆಧಾರ್, ಕಾರ್ಡ್ ನಂಬರಿನ ಜಾಗವನ್ನು ಆ್ಯಪ್ ತಾನೇ ಮುಚ್ಚಲಿ.

ದೋಷದ ಸಂಖ್ಯೆ ಬಗ್ಗೆಯೂ ಹೇಳಬೇಕು. ತೊಂದರೆ ಆದಾಗ ಕೆಲವು ಸೈಟುಗಳು ಮೂವತ್ತು ಚಿಲ್ಲರೆ ಅಕ್ಷರ ಮತ್ತು ಅಂಕಿ ಕಲಸಿದ ಒಂದು ಉದ್ದ ಸಾಲು ತೋರಿಸುತ್ತವೆ. ಅದನ್ನು ಫೋನಿನಲ್ಲಿ ಓದಿ ಹೇಳಿ ನೋಡೋಣ. ನಾಲ್ಕೈದು ಅಂಕಿಯ ಸಂಖ್ಯೆ ಕೊಡಿ, ಅಜ್ಜಿಯೂ ಓದಿ ಹೇಳುತ್ತಾಳೆ. ಉದ್ದದ್ದು ನಿಮ್ಮ ಕಡತದಲ್ಲಿ ಇರಲಿ.

ಕನ್ನಡದ ವಿಷಯಕ್ಕೆ ಬಂದರೆ ಗೋಳು ಸ್ವಲ್ಪ ಜಾಸ್ತಿ. ಇಲ್ಲಿ ಕೂತಿರುವ ಡಿಟಿಪಿಯವರಿಗೆ ಗೊತ್ತು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಲಗ್ನಪತ್ರಿಕೆಯ ಸಾಲನ್ನು ವಾಟ್ಸ್ಆ್ಯಪಿಗೆ ಅಂಟಿಸಿದರೆ ಮದುಮಗನ ಹೆಸರು ಇಂಗ್ಲಿಷ್ ಅಕ್ಷರಗಳ ಚೂರಾಗಿ ಬೀಳುತ್ತದೆ. ಆ ಫಾಂಟ್ ಕನ್ನಡದ ಆಕಾರವನ್ನು ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕೂರಿಸಿತ್ತು. ಯುನಿಕೋಡ್ ಹಾಗಲ್ಲ, ಅದರಲ್ಲಿ ಕನ್ನಡದ ಅಕ್ಷರಕ್ಕೆ ಅದರದೇ ಸಂಕೇತ ಇದೆ. ಯುನಿಕೋಡಿನಲ್ಲೂ ಸೂಕ್ಷ್ಮ ಇದೆ. ‘ಸೂರ್ಯ’ ಬರೆದರೆ ಅರ್ಕಾವತ್ತು ಬರಬೇಕು. ‘ರ‍್ಯಾಂಕ್’ ಬರೆಯುವಾಗ ರ ಪೂರ್ತಿ ಉಳಿದು ಯ ಒತ್ತು ಬರಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ, ಜೀರೋ ವಿಡ್ತ್ ಜಾಯ್ನರ್. ಯಾವುದೋ ಅರ್ಜಿ ನಮೂನೆ ‘ಕಾಣದ ಅಕ್ಷರ ಯಾಕೆ ಬೇಕು’ ಅಂತ ಅದನ್ನು ತೆಗೆದು ಹಾಕಿದರೆ ‘ರ್ಯಾಂಕ್’ ಆಗಿ ಕೂರುತ್ತದೆ. ಬಳಸುವವರು ‘ನಾನು ಬರೆದಿದ್ದು ಒಂದು, ಬಂದಿದ್ದು ಒಂದು’ ಅನ್ನುತ್ತಾರೆ. ಕನ್ನಡ ಓದಲು ಬಾರದ ಡೆವಲಪರ್ ಎರಡನ್ನೂ ನೋಡಿ ‘ಎರಡೂ ಒಂದೇ ಥರ ಇದೆಯಲ್ಲ’ ಅಂದು ದೂರನ್ನು ಮುಚ್ಚುತ್ತಾನೆ. ಇಂಥ ದೂರಿಗೆ ಚಿತ್ರವೂ ಬೇಕು, ಆ ಪಠ್ಯವೂ ಹಾಗೇ ಬೇಕು. ಒಂದೇ ಇದ್ದರೆ ಸಾಲದು.

ಇವೆಲ್ಲ ಚಿಕ್ಕ ವಿಷಯ ಅಂದುಕೊಳ್ಳಬೇಡಿ. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದು ‘ಜ್ಞಾ’ ಐಫೋನಿನ ಮೆಸೇಜ್ ಆ್ಯಪ್‌ಗಳನ್ನು ಬೀಳಿಸುತ್ತಿತ್ತು. ಅದರೊಳಗೂ ಇಂಥದ್ದೇ ಕಾಣದ ಸಂಕೇತ ಇತ್ತು. ಆ್ಯಪಲ್ ಅದೇ ತಿಂಗಳು ಐಓಎಸ್ 11.2.6 ಬಿಟ್ಟು ಸರಿ ಮಾಡಿತು. ಪಕ್ಕದ ರಾಜ್ಯದ ಲಿಪಿಗೆ ಬಂದದ್ದು ನಮಗೂ ಬರಬಹುದು.

ಆ್ಯಪಲ್ ಹೆಸರು ಬಂತಲ್ಲ, ದೂರು ಒಳಗೆ ಹೋಗುವ ಬಾಗಿಲಿನ ವಿಷಯಕ್ಕೆ ಬರುತ್ತೇನೆ. 2019ರ ಜನವರಿಯಲ್ಲಿ ಅಮೆರಿಕದ ಅರಿಜೋನಾದ 14 ವರ್ಷದ ಹುಡುಗನೊಬ್ಬ ಗೆಳೆಯರ ಜೊತೆ ಆಟಕ್ಕೆ ಆ್ಯಪಲ್ ಕಂಪನಿಯ ಗ್ರೂಪ್ ಫೇಸ್‌ಟೈಮ್ ವಿಡಿಯೊ ಕರೆ ಮಾಡುತ್ತಿದ್ದ. ಆ ಕಡೆಯವರು ಕರೆ ಎತ್ತುವ ಮೊದಲೇ ಅವರ ಮಾತು ಇವನಿಗೆ ಕೇಳಿಸಿತು. ಎಂಥ ಗಂಭೀರ ದೋಷ ನೋಡಿ. ಅವನ ತಾಯಿ ವಕೀಲೆ. ಕಂಪನಿಗೆ ತಿಳಿಸಲು ಫೋನ್, ಈಮೇಲ್, ಟ್ವಿಟ್ಟರ್, ಕೊನೆಗೆ ಫ್ಯಾಕ್ಸ್ ಕೂಡ ಮಾಡಿದರು. ಡೆವಲಪರ್ ಅಂತ ನೋಂದಣಿ ಮಾಡಿಕೊಂಡು ದೂರು ಕೊಡಿ ಅನ್ನುವ ಉತ್ತರ ಬಂತು. ಒಂದು ವಾರಕ್ಕೂ ಹೆಚ್ಚು ಹೀಗೆ ಕಳೆಯಿತು. ವಿಷಯ ಸುದ್ದಿಯಾಗಿ ಎಲ್ಲರಿಗೂ ಗೊತ್ತಾದ ಮೇಲೆ ಆ ಸೇವೆಯನ್ನು ನಿಲ್ಲಿಸಿದರು, ಫೆಬ್ರವರಿ 7ರಂದು ಸರಿಪಡಿಸಿದ ಆವೃತ್ತಿ ಬಂತು, ಹುಡುಗನ ಹೆಸರನ್ನೂ ಅದರಲ್ಲಿ ಹಾಕಿದರು. ಬರೆಯಲು ಬಲ್ಲ, ವಾದ ಮಾಡಲು ಬಲ್ಲ ವಕೀಲರಿಗೇ ಬಾಗಿಲು ಸಿಗಲಿಲ್ಲ.

ನಮ್ಮಲ್ಲಿ ಬಾಗಿಲು ಸಿಗದಿದ್ದರೆ ಇನ್ನೊಂದು ಅಪಾಯ ಇದೆ. ಯುಪಿಐನಲ್ಲಿ ಹಣ ಕಟ್ಟಾಗಿದೆ, ಆ ಕಡೆ ಹೋಗಿಲ್ಲ. ಆ್ಯಪಿನೊಳಗೆ ಎಲ್ಲಿ ಹೇಳಬೇಕೋ ಗೊತ್ತಾಗುವುದಿಲ್ಲ. ಆಗ ಜನ ಕಸ್ಟಮರ್ ಕೇರ್ ನಂಬರ್ ಅಂತ ನೆಟ್ಟಿನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವ ಕೆಲವು ನಂಬರು ಕಳ್ಳರದ್ದು. ‘ಈ ಆ್ಯಪ್ ಹಾಕಿಕೊಳ್ಳಿ ಸರ್, ನಾವು ಇಲ್ಲಿಂದಲೇ ನೋಡ್ತೀವಿ’ ಅನ್ನುತ್ತಾರೆ. ನಮ್ಮ ಫೋನನ್ನು ದೂರದಿಂದಲೇ ನಡೆಸಲು ಬಿಡುವ ಎನಿಡೆಸ್ಕ್ ಥರದ ಆ್ಯಪ್ ಮೂಲಕ ನಡೆಯುವ ಈ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಹಣ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಸೈಬರ್ ಅಪರಾಧ ಸಹಾಯವಾಣಿ. ಆದರೆ ನನ್ನ ಮಾತು ಆ್ಯಪ್ ಮಾಡುವವರಿಗೆ. ನೀವು ದೂರಿನ ಗುಂಡಿಯನ್ನು ಮೂರು ಮೆನು ಒಳಗೆ ಹುಗಿದು ಇಟ್ಟರೆ, ಜನರನ್ನು ನೀವೇ ಕೈ ಹಿಡಿದು ಕಳ್ಳರ ಹತ್ತಿರ ಕಳಿಸಿದ ಹಾಗೆ.

ದೂರು ತಲುಪಿದ ಮೇಲೆ ನಂಬಬೇಕು ಕೂಡ. ಇದಕ್ಕಿಂತ ಕೆಟ್ಟ ಉದಾಹರಣೆ ನನಗೆ ಗೊತ್ತಿಲ್ಲ. ಬ್ರಿಟನ್ನಿನ ಅಂಚೆ ಇಲಾಖೆ 1999ರಿಂದ ಹೊರೈಜನ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ತಂದಿತು, ಒದಗಿಸಿದ್ದು ಫುಜಿತ್ಸು. ಊರೂರಿನ ಚಿಕ್ಕ ಅಂಚೆ ಅಂಗಡಿಗಳನ್ನು ನಡೆಸುವವರ ಪರದೆಯಲ್ಲಿ ಇಲ್ಲದ ಕೊರತೆ ತೋರಿಸತೊಡಗಿತು. ಸಂಜೆ ಲೆಕ್ಕ ಹಾಕಿದರೆ ಸಾವಿರಾರು ಪೌಂಡ್ ಕಮ್ಮಿ. ಸಹಾಯವಾಣಿಗೆ ಫೋನ್ ಮಾಡಿದರೆ, ನಿಮ್ಮೊಬ್ಬರಿಗೇ ಹೀಗಾಗಿರುವುದು ಅನ್ನುವ ಉತ್ತರ ಎಷ್ಟೋ ಜನರಿಗೆ ಸಿಕ್ಕಿತು. ತಮ್ಮ ಕೈಯಿಂದ ತುಂಬಿದರು. ಮನೆ ಮಾರಿದರು. 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕದ ಶಿಕ್ಷೆ ಆಯಿತು, ಕೆಲವರು ಜೈಲಿಗೂ ಹೋದರು. ಅಲನ್ ಬೇಟ್ಸ್ ಅನ್ನುವವರು ಉಳಿದವರನ್ನು ಸೇರಿಸಿಕೊಂಡು ಹೋರಾಡಿದರು. ಸಾಫ್ಟ್‌ವೇರಿನಲ್ಲಿ ದೋಷ ಇತ್ತು ಅಂತ ಹೈಕೋರ್ಟ್ ಹೇಳಿದ್ದು 2019ರಲ್ಲಿ. ಆ ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡುವ ಕಾನೂನು ಬಂದಿದ್ದು 2024ರಲ್ಲಿ.

ಆ ಒಂದು ಮಾತು ನೋಡಿ: ನಿಮ್ಮೊಬ್ಬರಿಗೇ. ಅದೇ ತೊಂದರೆ ಪಕ್ಕದ ಊರಿನವರಿಗೂ ಆಗಿದೆ ಅಂತ ಗೊತ್ತಿದ್ದರೆ ಅಷ್ಟು ಜನ ಒಂಟಿಯಾಗಿ ನರಳುತ್ತಿರಲಿಲ್ಲ. ಹಾಗಾಗಿ ದೂರು ಕೊಟ್ಟವರಿಗೆ ‘ಇದೇ ತೊಂದರೆ ಇನ್ನೂ ಇಷ್ಟು ಜನಕ್ಕೆ ಆಗಿದೆ’ ಅಂತ ತೋರಿಸಿ. ಕಂಪನಿಗಳಿಗೆ ಇದು ಇಷ್ಟ ಆಗುವುದಿಲ್ಲ, ಗೊತ್ತು. ಆದರೂ ತೋರಿಸಿ. ಸರಿ ಮಾಡಿದ ಮೇಲೆ ಒಂದು ಎಸ್ಸೆಮ್ಮೆಸ್ ಕಳಿಸಿ, ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ, ಖರ್ಚು ಜಾಸ್ತಿ ಅನ್ನುತ್ತಾರೆ. ‘ನೀವು ಹೇಳಿದ ತೊಂದರೆ ಸರಿ ಮಾಡಿದ್ದೇವೆ’ ಅನ್ನಲು 70 ಬೇಕಾದಷ್ಟಾಯಿತು.

ಕೊನೆಯದಾಗಿ ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುವ ಸೇವಾ ಕೇಂದ್ರದವರ ಬಗ್ಗೆ. ನಮ್ಮೂರಿನಲ್ಲಿ ಬಹುಪಾಲು ಜನ ಸರ್ಕಾರಿ ಸೈಟನ್ನು ತಾವೇ ತೆರೆಯುವುದಿಲ್ಲ, ಇವರ ಕೈಯಲ್ಲಿ ತೆರೆಸುತ್ತಾರೆ. ಒಂದೇ ನಮೂನೆಯನ್ನು ದಿನಕ್ಕೆ ಎಷ್ಟೋ ಸಲ ತುಂಬುವ ಇವರಿಗೆ ಅದು ಎಲ್ಲೆಲ್ಲಿ ಕೈ ಕೊಡುತ್ತದೆ ಅನ್ನುವುದು ಬರೆದವರಿಗಿಂತ ಚೆನ್ನಾಗಿ ಗೊತ್ತು. ಇವರ ವಾಟ್ಸ್ಆ್ಯಪ್ ಗುಂಪುಗಳನ್ನು ನೋಡಿದ್ದೀರಾ? ‘ಇದು ಕ್ರೋಮಲ್ಲಿ ಬರಲ್ಲ, ಫೈರ್‌ಫಾಕ್ಸಲ್ಲಿ ಹಾಕ್ರಿ.’ ‘ಫೋಟೊ ಸೈಜ್ ಸರಿ ಇದ್ರೂ ತಗೊಳ್ಳಲ್ಲ, ಫೈಲ್ ಹೆಸರಲ್ಲಿ ಸ್ಪೇಸ್ ತೆಗೀರಿ.’ ‘ಬೆಳಿಗ್ಗೆ ಎಂಟರ ಒಳಗೆ ಮಾಡ್ರಿ, ಆಮೇಲೆ ಓಟಿಪಿ ಬರಲ್ಲ.’ ಇವೆಲ್ಲ ಬಹಳ ಒಳ್ಳೆಯ ಬಗ್ ರಿಪೋರ್ಟುಗಳು. ಯಾವ ಹಂತದಲ್ಲಿ, ಯಾವ ಹೊತ್ತಿನಲ್ಲಿ ತೊಂದರೆ, ಏನು ಮಾಡಿದರೆ ಅದರಿಂದ ಪಾರಾಗಬಹುದು ಅನ್ನುವುದು ಸಮೇತ ಇದೆ. ಆದರೆ ಅವು ಗುಂಪಿನಲ್ಲೇ ಉಳಿಯುತ್ತವೆ, ತೊಂದರೆ ದಾಟುವ ಉಪಾಯವಾಗಿ. ಸರಿ ಮಾಡಬೇಕಾದವರಿಗೆ ಹೋಗುವುದೇ ಇಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರಿಗೆ ಹೇಳುತ್ತೇನೆ: ಮತ್ತೊಂದು ಅಟೆಂಡೆನ್ಸ್ ಆ್ಯಪ್ ಬೇಡ. ಇಂಥ ಒಂದು ಕೇಂದ್ರದಲ್ಲಿ ಕೆಲವು ದಿನ ಕೂತು, ಅವರ ಈ ಮಾತುಗಳನ್ನು ದೂರಾಗಿ ಬದಲಾಯಿಸುವ ಒಂದು ಸಾಧನ ಮಾಡಿ.

ಪ್ರಶ್ನೆಗಳು.

ಸೇವಾ ಕೇಂದ್ರದವರೊಬ್ಬರು ಕೇಳಿದರು: ‘ದೂರು ಬರೆಯುತ್ತಾ ಕೂತರೆ ಕ್ಯೂನಲ್ಲಿ ನಿಂತವರು ಬೈತಾರೆ. ನಮಗೇನು ಲಾಭ?’

ನ್ಯಾಯವಾದ ಪ್ರಶ್ನೆ. ಈಗಿನ ಸ್ಥಿತಿಯಲ್ಲಿ ಲಾಭ ಇಲ್ಲ. ಅದಕ್ಕೇ ದೂರು ಕೊಡುವ ಕೆಲಸ ಅರ್ಧ ನಿಮಿಷದ್ದಾಗಿರಬೇಕು, ಮಾತಾಡಿ ಬಿಟ್ಟರೆ ಮುಗಿಯಬೇಕು. ಉತ್ತರವೂ ಬರಬೇಕು. ಹೇಳಿದ್ದು ಸರಿಯಾಯ್ತು ಅಂತ ಒಂದು ಸಲ ಕಂಡರೆ ಎರಡನೇ ಸಲ ಜನ ತಾವಾಗಿಯೇ ಹೇಳುತ್ತಾರೆ. ಉತ್ತರ ಬರದ ಕಡೆ ನೀವು ಸಮಯ ಹಾಳು ಮಾಡಿಕೊಳ್ಳಿ ಅಂತ ನಾನು ಹೇಳಲಾರೆ.

ಒಬ್ಬ ವಿದ್ಯಾರ್ಥಿನಿ: ‘ಗುಂಡಿ ಅಷ್ಟು ಸುಲಭ ಮಾಡಿದರೆ ಲಕ್ಷಗಟ್ಟಲೆ ಬರುತ್ತವೆ. ಒಂದೇ ದೂರು ನೂರು ಸಲ, ಜೊತೆಗೆ ಬೈಗುಳ. ಓದುವವರು ಯಾರು?’

ಎಲ್ಲವನ್ನೂ ಮನುಷ್ಯರು ಓದಬೇಕಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಪ್ರೋಗ್ರಾಂ ಬಿದ್ದರೆ ‘ವರದಿ ಕಳಿಸಲಾ?’ ಅಂತ ಒಂದು ಡಬ್ಬಿ ಬರುತ್ತಿತ್ತು, ನೆನಪಿರುವವರು ಇರಬಹುದು. ಹಾಗೆ ಬಂದ ವರದಿಗಳನ್ನು ಯಂತ್ರವೇ ಬಿದ್ದ ಜಾಗದ ಮೇಲೆ ಗುಂಪು ಮಾಡುತ್ತಿತ್ತು. ಸುಮಾರು ಶೇ. 20ರಷ್ಟು ದೋಷಗಳೇ ಶೇ. 80ರಷ್ಟು ತೊಂದರೆಗೆ ಕಾರಣ ಅನ್ನುವುದು ಮೈಕ್ರೋಸಾಫ್ಟಿಗೆ ಕಂಡಿದ್ದು ಹಾಗೆ. ಒಂದೇ ದೂರು ನೂರು ಸಲ ಬಂದರೆ ಅದು ಕಸ ಅಲ್ಲಮ್ಮ, ಯಾವುದನ್ನು ಮೊದಲು ಹಿಡಿಯಬೇಕು ಅಂತ ಅದೇ ಹೇಳುತ್ತದೆ. ಬೈಗುಳ ಬಂದೇ ಬರುತ್ತದೆ. ಅದರ ಜೊತೆ ಸಮಯ, ಆವೃತ್ತಿ, ಪರದೆಯ ಚಿತ್ರ ಕೂಡ ಬಂದಿರುತ್ತದಲ್ಲ. ಬೈದದ್ದನ್ನು ಬಿಟ್ಟು ಅದನ್ನು ನೋಡಿ.